ಬಂಡೆಯ ಕೆಳಗೆ ಓದದೆ ಉಳಿದ ಪುಟ

ನಮ್ಮ ಮನೆಯಲ್ಲಿ ಈಗ ಊದುಬತ್ತಿ ಹಚ್ಚುವುದಿಲ್ಲ. ವಿಜಯನಗರದ ನಮ್ಮ ಬೀದಿಯಲ್ಲಿ ಯಾರಾದರೂ ಮಿಕ್ಸಿ ಹಾಕಿದರೂ ನನ್ನ ಕೈ ತಾನಾಗಿ ಮುಖ ಮುಚ್ಚಿಕೊಳ್ಳುತ್ತದೆ.

ನಮ್ಮದೊಂದು ಓದುಬಳಗವಿದೆ. ವರ್ಷಕ್ಕೊಮ್ಮೆ ಕೆಂಗೇರಿಯಿಂದ ನಡೆಯುತ್ತಾ ಹೊರಟು, ಈ ಸೀಮೆಯ ಕಾದಂಬರಿಕಾರರೊಬ್ಬರು ಬರೆದ ಊರು, ಕೆರೆ, ಗುಡ್ಡಗಳನ್ನು ಸುತ್ತಿ ಮೂರನೇ ದಿನ ಕೆಂಗೇರಿಗೇ ಮರಳುತ್ತೇವೆ. ಕಥೆ ನಡೆದ ಜಾಗ ಬಂದಾಗ ಲೇಖಕರ ಫೋಟೊ ಇಟ್ಟು, ಹೂವು ಹಾಕಿ, ಊದುಬತ್ತಿ ಹಚ್ಚಿ, ಆ ಪುಟವನ್ನು ಗಟ್ಟಿಯಾಗಿ ಓದುವುದು ರೂಢಿ. ಓದುವವರು ಮೇಷ್ಟ್ರು. ಕಾಲೇಜಿನಲ್ಲಿ ನನಗೆ ಕನ್ನಡ ಕಲಿಸಿದವರು, ಈಗ ಎಪ್ಪತ್ತು ದಾಟಿದವರು. ದಾರಿಯ ಊರುಗಳ ಹಿರಿಯರಿಗೆ ಹೊದಿಸುವ ಸನ್ಮಾನದ ಶಾಲುಗಳ ಚೀಲ ನನ್ನ ಹೆಗಲ ಮೇಲಿತ್ತು.

ಎರಡನೇ ದಿನ ಮಧ್ಯಾಹ್ನ ದೊಡ್ಡ ಬಂಡೆಯೊಂದರ ಕೆಳಗೆ ನಿಂತೆವು. ತಲೆಯೆತ್ತಿದರೆ ಬಂಡೆಯ ಅಂಚಿನಲ್ಲಿ ಮೊರದಗಲದ ನಾಲ್ಕು ಹುಟ್ಟುಗಳು ಕಪ್ಪಗೆ ಜೋತುಬಿದ್ದಿದ್ದವು. ಹೆಜ್ಜೇನು. ನಾನು ನೋಡಿದೆ. ಅಷ್ಟರಲ್ಲಿ ಮೇಷ್ಟ್ರು ಕನ್ನಡಕ ಹಾಕಿಕೊಂಡು ಪುಸ್ತಕ ತೆರೆದಿದ್ದರು.

"ಎರಡು ಊದುಬತ್ತಿ ಹಚ್ಚಮ್ಮ, ಶುರು ಮಾಡೋಣ."

ಗಾಳಿಗೆ ಎರಡೂ ಆರಿಹೋದವು. ಹಿಂದಿನಿಂದ ಯಾರೋ, "ಕಟ್ಟೇ ಹಚ್ಬಿಡಿ ಮೇಡಂ, ಲೇಖಕರು ಬೇಜಾರು ಮಾಡ್ಕೊಂಡಾರು" ಎಂದು ನಕ್ಕರು. ಹಚ್ಚಿದೆ. ಹೊಗೆ ನೆಟ್ಟಗೆ ಬಂಡೆಗುಂಟ ಏರಿತು.

ಮೊದಲು ಮಿಕ್ಸಿ ತಿರುಗಿದಂಥ ಸದ್ದು ಬಂತು. ಆಮೇಲೆ ಬೆಳಕೇ ಕಂದಿದಂತಾಯಿತು. ಉಳಿದವರೆಲ್ಲ ಇಳಿಜಾರಿನಲ್ಲಿ ಓಡಿದರು. ಮೇಷ್ಟ್ರು ಎರಡು ಹೆಜ್ಜೆ ಹಾಕಿ ಮುಗ್ಗರಿಸಿ ಬಿದ್ದರು. ಅವರ ಬಿಳಿ ಕೂದಲು ಕಪ್ಪಾಗುತ್ತಿತ್ತು. ಚೀಲ ಸುರಿದು, ಸಿಕ್ಕಷ್ಟು ಶಾಲುಗಳನ್ನು ಅವರ ಮೇಲೆ ಹಾಕಿ, ನಾನೂ ಒಳಗೆ ತೂರಿಕೊಂಡೆ. ಜರಿಯ ಬಟ್ಟೆಯ ಮೇಲೆ ಮಳೆ ಬಿದ್ದಂತೆ ಹುಳಗಳು ಬೀಳುತ್ತಿದ್ದವು.

"ಉಸಿರು ಕಟ್ತಾ ಇದೆ ಕಣಮ್ಮ."

"ಅಲುಗಾಡ್ಬೇಡಿ ಸಾರ್. ನಾನಿದೀನಿ."

ಅವರ ಮಾತು ನಿಂತಿತು. ಅವರ ಎದೆಯ ಮೇಲೆ ಕೈಯಿಟ್ಟು ಬಡಿತವನ್ನೇ ಹಿಡಿದು ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಓಡಿದವರು ಕೆಳಗಿನ ಊರಿನ ಜನರನ್ನು ಕಂಬಳಿಗಳೊಂದಿಗೆ ಕರೆತಂದು ನಮ್ಮನ್ನು ಹೊರಗೆಳೆದರು. ಆಸ್ಪತ್ರೆಯಲ್ಲಿ ಐದು ದಿನದ ಮೇಲೆ ಮೇಷ್ಟ್ರು ಕಣ್ಣು ಬಿಟ್ಟರು.

ಅವರು ಮನೆಗೆ ಬಂದ ಮೇಲೆ ನೋಡಲು ಹೋದೆ. ರೆಪ್ಪೆಗಳು ಇನ್ನೂ ಊದಿಕೊಂಡಿದ್ದವು.

"ಮೂರನೇ ದಿನದ ದಾರಿ ಬಾಕಿ ಉಳೀತಲ್ಲಮ್ಮ" ಎಂದರು.

ನನಗೆ ತಡೆಯಲಾಗಲಿಲ್ಲ. "ಸಾರ್, ಹಚ್ಚೋಕೆ ಮುಂಚೇನೇ ನಾನು ಹುಟ್ಟು ನೋಡಿದ್ದೆ. ನೀವು ಪುಸ್ತಕ ತೆಗೆದಿದ್ರಿ ಅಂತ ಸುಮ್ಮನಾದೆ."



"ನಾನೂ ನೋಡಿದ್ದೆ" ಎಂದರು. "ಒಂದು ಪುಟ ತಾನೇ, ಬೇಗ ಓದಿ ಮುಗಿಸೋಣ ಅಂದ್ಕೊಂಡೆ."

ಅದನ್ನು ಕೇಳಿ ನನ್ನ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಆವತ್ತು ಅಲ್ಲಿ ಏಳು ಜನ ಇದ್ದೆವು. ಉಳಿದ ಐವರನ್ನು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.