ಅನ್ಸಾಬಾಯಿ ಅಳಲಿಲ್ಲ

ಸಾಂಗ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮರಾಠಿ ಕಲಿಸುತ್ತಿದ್ದ ಕುಮುದಿನಿ ಜಗದಾಳೆ ವರ್ಷಕ್ಕೊಂದೇ ಕಥೆ ಬರೆಯುತ್ತಿದ್ದರು. ಬೇಸಿಗೆ ರಜೆಯಲ್ಲಿ ಬರೆದು, ಬಾಪಟ್ ಎಂಬುವರು ತರುತ್ತಿದ್ದ ದೀಪಾವಳಿ ವಿಶೇಷಾಂಕಕ್ಕೆ ಕೊಡುವುದು ರೂಢಿ. ಅವರ ಕಥೆಗಳಲ್ಲಿ ಜಗಳ ಚೆನ್ನಾಗಿರುತ್ತಿತ್ತು. ಮಾತಿಗೆ ಮಾತು ಬೆಳೆದು ಓದುವವರಿಗೆ ಉಸಿರು ಬಿಗಿಹಿಡಿದಂತಾಗುತ್ತಿತ್ತು. ಆಮೇಲೆ ಕೊನೆಯ ಪುಟದಲ್ಲಿ ಯಾರಾದರೊಬ್ಬರು ತಪ್ಪೊಪ್ಪಿಕೊಂಡು ಅಳುತ್ತಿದ್ದರು.

ಒಂದು ವರ್ಷ ಅವರು ತಮ್ಮದೇ ಜಗಳ ಬರೆದರು. ಅತ್ತೆ ಹಾಸಿಗೆ ಹಿಡಿದಾಗ ತಾಸಗಾವದ ಹತ್ತಿರದ ಹಳ್ಳಿಯಲ್ಲಿ ಸೇವೆ ಮಾಡಿದವರು ದೊಡ್ಡ ಸೊಸೆ ಅನ್ಸಾಬಾಯಿ. ನೌಕರಿಯಲ್ಲಿದ್ದ ಕಿರಿಯ ಸೊಸೆ ಕುಮುದಿನಿ ಭಾನುವಾರ ಮಾತ್ರ ಹೋಗಿ ಬರುತ್ತಿದ್ದರು. ಅತ್ತೆ ತೀರಿಕೊಂಡ ದಿನ, ತುಂಬಿದ ಬಳಗದ ಎದುರು ಅನ್ಸಾಬಾಯಿ ಕುಮುದಿನಿಗೆ ಅಂದುಬಿಟ್ಟರು, "ನೆಂಟರು ಮುಂದ ಕುಂತು ಅಳೂದು ಬ್ಯಾಡ. ಅಳಾಕ ಮನೀ ಮಂದಿ ಅದೀವಿ." ಅಲ್ಲಿಂದಾಚೆಗೆ ವಾರಗಿತ್ತಿಯರ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ಕಥೆಯಲ್ಲಿ ಮಾತ್ರ ದೊಡ್ಡಾಕೆ ಕಿರಿಯಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

ಬಾಪಟ್ ಓದಿ ಹಾಳೆ ಮಡಚಿದರು. "ಕುಮುದಿನಿಬಾಯಿ, ಜಗಳ ಖರೆ ಅದ. ಸಮಾಧಾನ ಮಾತ್ರ ನೀವು ಮೇಲಿಂದ ಹೊಲದು ಹಚ್ಚೀರಿ. ಈ ಹೆಣ್ಣಮಗಳು ಹಿಂಗ ಅಳಾಕಿ ಅಲ್ಲ."

"ನೀವೇನು ಆಕೀನ್ನ ನೋಡೀರೇನು?"

"ಇಲ್ಲ. ಮೊದಲನೇ ಪುಟದಾಗ ನೀವ ತೋರಿಸೀರಲ್ಲ."

ಕುಮುದಿನಿಗೆ ಸಿಟ್ಟು ಬಂತು. ಆದರೆ ಹೊಸ ಕೊನೆಯೂ ಹೊಳೆಯಲಿಲ್ಲ. ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಒಂದು ಮುಂಜಾನೆ ತಾಸಗಾವದ ಬಸ್ಸು ಹತ್ತಿದರು.

ಅನ್ಸಾಬಾಯಿ ಪಡಸಾಲೆಯಲ್ಲಿ ಮೊರದ ತುಂಬ ಒಣದ್ರಾಕ್ಷಿ ಹರವಿಕೊಂಡು ಕಡ್ಡಿ ಆರಿಸುತ್ತಿದ್ದರು. ತಲೆಯೆತ್ತಿ ನೋಡಿದರು. "ಬಾಗಲಾಗ ನಿಂತು ಏನ್ ಮಾಡ್ತಿ? ಒಳಗ ಬಾ. ನೀರ ಕುಡಿ."

ನೀರು ಕುಡಿದ ಮೇಲೆ ಕುಮುದಿನಿ, "ಅಕ್ಕಾ, ನಿಮ್ಮ ಮ್ಯಾಲೆ ಒಂದು ಕಥಿ ಬರದೇನಿ" ಎಂದರು.

"ಬೈದೀಯೇನು?"

"ಸ್ವಲ್ಪ."

"ಓದು. ಕೈಗೆ ಕೆಲಸ ಐತಿ, ಕಿವಿ ಖಾಲಿ ಅದಾವ."

ಕುಮುದಿನಿ ಓದಿದರು. ನೆಂಟರ ಮಾತು ಬಂದಾಗ ಅನ್ಸಾಬಾಯಿಯ ಕೈ ಒಂದು ಗಳಿಗೆ ನಿಂತಿತು. ಕೊನೆಯ ಅಳು ಮುಗಿದಾಗ ಅವರು ನಕ್ಕರು.

"ಇದು ಯಾರವ್ವ, ಇಷ್ಟು ಅಳಾಕಿ? ನಡುವ ಬ್ಯಾರೇ ಹೆಣ್ಣಮಗಳು ಬಂದಳೇನ ಅಂದ್ಕೊಂಡೆ ನಾ." ಒಂದು ಕಡ್ಡಿ ಆರಿಸಿ ಒಗೆದು ಮುಂದುವರಿಸಿದರು. "ನಾ ಆ ಮಾತು ಯಾಕ ಅಂದೆ ಅನ್ನೂದ ಇದರಾಗ ಇಲ್ಲಲ್ಲ."

"ನನಗ ಗೊತ್ತಿಲ್ಲ ಅಕ್ಕಾ."

"ವಾರ ಎಲ್ಲಾ ನಾ ಅಂಬಲಿ ಹಿಡದು ಕುಂದರತಿದ್ದೆ. ಮುದುಕಿ ಬಾಯಿ ತೆರೀತಿದ್ದಿಲ್ಲ. ಭಾನುವಾರ ನೀ ಬಂದಿ ಅಂದ್ರ ಗಟಗಟ ಕುಡೀತಿದ್ದಳು. ಉಚ್ಚಿ ಬಳದಾಕಿ ನಾನು, ಊಟ ನಿನ್ನ ಕೈಲಿ. ನನಗ ಅದು ತಡೀಲಿಲ್ಲ. ಇದನ್ನ ಬರಿ. ಅಳೂದು ತಗದು ಹಾಕು."

ಅತ್ತೆ ದಿನಾಲೂ ಹಾಗೆಯೇ ಉಣ್ಣುತ್ತಿದ್ದರೆಂದು ಕುಮುದಿನಿ ತಿಳಿದಿದ್ದರು. ಭಾನುವಾರದ ಆ ಬಟ್ಟಲಿನ ಹಿಂದೆ ಒಂದು ವಾರದ ಹಸಿವೂ ಇನ್ನೊಬ್ಬಳ ನೋವೂ ಇತ್ತೆಂಬುದು ಅವರಿಗೆ ಹೊಳೆದೇ ಇರಲಿಲ್ಲ.

"ಒಮ್ಮೆಯೂ ಕೇಳಲಿಲ್ಲ ನೋಡ್ರಿ ನಾನು, ವಾರ ಎಲ್ಲಾ ಹೆಂಗ ಉಂಡರು ಅಂತ."

"ಕೇಳಿದ್ರ ನಾ ಹೇಳತಿದ್ದಿಲ್ಲ ಬಿಡು" ಎಂದು ಅನ್ಸಾಬಾಯಿ ಮೊರವನ್ನು ಅವರ ಕಡೆ ಸರಿಸಿದರು. "ಸುಮ್ನ ಕುಂತೀಯಲ್ಲ, ಆ ಬದೀದು ಆರಿಸು. ಮಧ್ಯಾಹ್ನ ರೊಟ್ಟಿ ಮಾಡತೇನಿ, ಉಂಡು ಹೋಗು."

ಸಂಜೆಯ ತನಕ ಇಬ್ಬರೂ ದ್ರಾಕ್ಷಿ ಆರಿಸಿದರು. ಯಾರೂ ಕ್ಷಮೆ ಕೇಳಲಿಲ್ಲ. ಕುಮುದಿನಿ ಮರಳಿ ಹೋಗಿ ಕೊನೆಯ ಅಳು ತೆಗೆದು ಕಥೆಗೆ ಆ ಅಂಬಲಿಯ ಬಟ್ಟಲನ್ನು ಸೇರಿಸಿದರು, ಕಿರಿಯಳಿಗೆ ಅದು ಕಾಣದೆ ಹೋದದ್ದನ್ನೂ ಸೇರಿಸಿದರು. ಬಾಪಟ್ ಒಂದಕ್ಷರ ತಿದ್ದದೆ ಅಚ್ಚು ಹಾಕಿದರು.

ಆಮೇಲಿನ ಎಲ್ಲ ಕಥೆಗಳೂ ಮೊದಲು ಹೋದದ್ದು ಆ ಪಡಸಾಲೆಗೇ. "ಈ ಗಂಡಸು ಇಷ್ಟು ಲಗೂ ಮೆತ್ತಗಾಗೂದಿಲ್ಲ, ಇನ್ನೆರಡು ದಿನ ಸೆಟಗೊಂಡಿರಲಿ" ಎಂದು ಅನ್ಸಾಬಾಯಿ ಹೇಳಿದರೆ ಕುಮುದಿನಿ ತಿದ್ದಿಕೊಳ್ಳುವರು. ಜಗಳ ಬರೆಯುವುದು ತನಗೆ ತಾನಾಗಿಯೇ ಬಂದಿತ್ತು, ಜಗಳದ ಆಚೆ ಬದಿಗೆ ಹೋಗಿ ಕೂರುವುದನ್ನು ಮಾತ್ರ ಅಕ್ಕ ಕಲಿಸಿದಳು ಎಂದು ಅವರು ಇವತ್ತಿಗೂ ನೆನೆಯುತ್ತಾರೆ. ಈಗ ಅನ್ಸಾಬಾಯಿಗೆ ಕಿವಿ ಮಂದ. ಕುಮುದಿನಿ ಗಂಟಲು ಏರಿಸಿ ಓದುತ್ತಾರೆ, ಓಣಿಯ ಹೆಂಗಸರೂ ಬಂದು ಕಟ್ಟೆಯ ಮೇಲೆ ಕೂರುತ್ತಾರೆ.