ನೀರೊಳಗೆ ನೋಡುವ ಪಿಳ್ಳಣ್ಣ

ಸಮೇತನಹಳ್ಳಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಅಮ್ಮಯಮ್ಮನವರ ಹಿತ್ತಲ ಬಾವಿಯ ಸುತ್ತ ನಾಲ್ಕು ಜನ ನಿಂತಿದ್ದೇವೆ. ಕೆಳಗಿನಿಂದ ಸದ್ದು ಬರುತ್ತಿದೆ, ಯಾರೋ ನಿದ್ದೆಯಲ್ಲಿ ನಿಟ್ಟುಸಿರು ಬಿಟ್ಟಂತೆ. ಇಪ್ಪತ್ತು ಎಣಿಸುವಷ್ಟರಲ್ಲಿ ಮತ್ತೊಂದು. ಐವತ್ತು ದಾಟಿದ ಸಣಕಲು ದೇಹದ ಪಿಳ್ಳಣ್ಣ ಬೀಡಿ ಆರಿಸಿ, ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಾರೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನಗಂತೂ ಬಸ್ ಸ್ಟ್ಯಾಂಡಿಗೆ ಓಡಿಹೋಗೋಣ ಅನ್ನಿಸುತ್ತಿದೆ, ನಾಚಿಕೆ ಬಿಟ್ಟು ಹೇಳುತ್ತೇನೆ.

ಬಾವಿಗೆ ಬಿದ್ದ ಬಿಂದಿಗೆ, ಕೊಡ, ಸರ ತೆಗೆದುಕೊಡುವುದು ಪಿಳ್ಳಣ್ಣನವರ ಕಸುಬು. ಜಡಿಗೇನಹಳ್ಳಿಯಿಂದ ಈಚೆಗಿನ ಊರುಗಳಲ್ಲಿ ತಿಂಗಳಿಗೆ ಹತ್ತು ಹನ್ನೆರಡು ಬಾವಿಗಳಿಗೆ ಇಳಿಯುತ್ತಾರೆ. ಮೊದಲೆಲ್ಲ ಅಪ್ಪ ಬಿಟ್ಟುಹೋದ ಪಾತಾಳಗರಡಿಯನ್ನು, ಅಂದರೆ ಕಬ್ಬಿಣದ ಕೊಕ್ಕೆಗಳ ಗೊಂಚಲನ್ನು, ಇಳಿಬಿಟ್ಟು ಕಣ್ಣು ಕಾಣದವರಂತೆ ತಡಕುತ್ತಿದ್ದರು. ಒಂದು ಬಿಂದಿಗೆಗೆ ಅರ್ಧ ದಿನ ಹಿಡಿಯುತ್ತಿತ್ತು. ಐದು ವರ್ಷದ ಹಿಂದೆ, ೧೯೬೯ರಲ್ಲಿ, ಊರಿಗೆ ಗೊಬ್ಬರದ ಮೂಟೆ ಬಂತು. ಮೂಟೆಯೊಳಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲವಿತ್ತು.

"ಮಳೇಲಿ ಅದನ್ನೇ ತಲೆಗಾಕ್ಕೊಂಡು ಬರ್ತಿದ್ದೆ ಸ್ವಾಮಿ, ಜಾರಿ ಕೆರೆಗೆ ಬಿದ್ಬಿಟ್ಟೆ. ಕವರು ಕಣ್ ಮುಂದಕ್ಕೆ ಬಂದಿತ್ತು. ನೀರೊಳಗೆ ಮೀನು, ಕಲ್ಲು, ಎಲ್ಲಾ ಸ್ವಚ್ಛವಾಗಿ ಕಾಣ್ತು. ಎದ್ದವನೇ ಸೀಮೆಣ್ಣೆ ಡಬ್ಬ ಹುಡುಕ್ದೆ."

ಡಬ್ಬದ ಎರಡೂ ಕಡೆ ಕತ್ತರಿಸಿ, ಒಂದು ಬಾಯಿಗೆ ಪ್ಲಾಸ್ಟಿಕ್ ಬಿಗಿದು ಕಟ್ಟಿ, ಆ ಕಡೆಯನ್ನು ನೀರಿಗೆ ಒತ್ತಿ ಮೇಲಿನಿಂದ ನೋಡುತ್ತಾರೆ. ಇನ್ನೊಂದು ಚೀಲದಲ್ಲಿ ಬ್ಯಾಟರಿ ದೀಪ ಕಟ್ಟಿ ಮುಳುಗಿಸಿದರೆ ತಳದವರೆಗೂ ಬೆಳಕು. ಕೂಲಿ ಕೇಳಿದರೆ ನಗು ಬರುತ್ತದೆ, ತೂತಿಲ್ಲದ ಒಂದು ಪ್ಲಾಸ್ಟಿಕ್ ಚೀಲ.

ಅವರ ಮನೆಯಲ್ಲಿ ಹೆಂಡತಿ ಪಾಪಕ್ಕ ಆ ಚೀಲಗಳಿಂದ ಸಂಸಾರವನ್ನೇ ನಡೆಸುತ್ತಾರೆ. ರೇಷನ್ ಕಾರ್ಡು, ಬೆಂಕಿಪೊಟ್ಟಣ, ಬಿತ್ತನೆ ರಾಗಿ, ಹಪ್ಪಳ, ಎಲ್ಲವೂ ಚೀಲದಲ್ಲಿ. ಸೋರುವ ಸೂರಿಗೆ ಚೀಲ, ಎಳೆಗರುವಿನ ಬೆನ್ನಿಗೆ ಚೀಲ. ನೊಣ ಬಾರದಿರಲೆಂದು ನೀರು ತುಂಬಿದ ಚೀಲವೊಂದನ್ನು ಬಾಗಿಲಿಗೆ ತೂಗುಬಿಟ್ಟಿದ್ದಾರೆ. ಅದರೊಳಗೆ ಬೀದಿಯೆಲ್ಲ ತಲೆಕೆಳಗಾಗಿ ಕಾಣುತ್ತದೆ. ತೊಳೆದು ಹಗ್ಗಕ್ಕೆ ಹಾಕಿದ ಚೀಲಗಳು ಗಾಳಿಗೆ ಉಬ್ಬಿದಾಗ, ತಲೆಯಿಲ್ಲದ ಜನ ಸಾಲಾಗಿ ನಿಂತಂತಾಗಿ ನಾನು ಎರಡು ಸಲ ಬೆಚ್ಚಿದ್ದೇನೆ.

"ಯಾವ್ ಬಾವೀಲಿ ಏನ್ ಕಂಡೈತೋ ನಂಗೂ ಹೇಳಲ್ಲ," ಎನ್ನುತ್ತಾರೆ ಪಾಪಕ್ಕ. "ಕೇಳಿದ್ದಷ್ಟೇ ತೆಗೀತಾರೆ. ಒಂದೊಂದಿನ ಊಟಕ್ಕೆ ಕೂತ್ರೆ ಚೊಂಬಿನೊಳಕ್ಕೇ ನೋಡ್ತಾ ಕೂತ್ಬಿಡ್ತಾರೆ."

ಈ ಬಾವಿಯ ಕತೆ ಬೇರೆ. ಎಂಟು ವರ್ಷದ ಹಿಂದೆ ಅಮ್ಮಯಮ್ಮನವರ ಮಗಳು ಅನುಸೂಯ ನೀರು ಸೇದುವಾಗ ಕಾಲು ಜಾರಿ ಇದರಲ್ಲೇ ಹೋದಳು. ಹತ್ತೊಂಬತ್ತು ವರ್ಷದ ಹುಡುಗಿ. ಹೋದ ತಿಂಗಳ ಮಳೆಗೆ ನೀರು ಏರಿದ ಮೇಲೆ, ಊರು ಏಳುವ ಮೊದಲಿನ ನಿಶ್ಶಬ್ದದಲ್ಲಿ ಈ ಸದ್ದು ಕೇಳತೊಡಗಿದೆ. ಸೊಸೆಯಂದಿರು ನೀರು ಸೇದುವುದನ್ನೇ ಬಿಟ್ಟಿದ್ದಾರೆ. ಮಗ ವೆಂಕಟರಾಯಪ್ಪ ಬಾವಿ ಮುಚ್ಚಿಸಲು ಎರಡು ಗಾಡಿ ಕಲ್ಲು ತರಿಸಿದ್ದಾನೆ. ಪಿಳ್ಳಣ್ಣನವರಿಗೆ ಹೇಳಿಕಳಿಸಿದ್ದು ಅಮ್ಮಯಮ್ಮ.

"ಮುಚ್ಚೋಕೆ ಮುಂಚೆ ಒಂದ್ಸಲ ನೋಡ್ಬಿಡು ಪಿಳ್ಳಣ್ಣ. ಮಗು ಅಲ್ಲೇ ಇದ್ರೆ, ಮೇಲೆ ಕಲ್ಲು ಹಾಕ್ಸೋದು ಹೆಂಗೆ?"

ಪಿಳ್ಳಣ್ಣ ಗೋಡೆಯ ಕಲ್ಲುಗಳ ಸಂದಿಗೆ ಕಾಲು ಕೊಡುತ್ತಾ ಇಳಿಯುತ್ತಾರೆ. ಬ್ಯಾಟರಿ ಮುಳುಗುತ್ತದೆ, ಬಾವಿಯೊಳಗೆಲ್ಲ ಹಸಿರು ಬೆಳಕು. ಡಬ್ಬಕ್ಕೆ ಮುಖ ಒಡ್ಡಿದವರು ಬಹಳ ಹೊತ್ತು ಅಲುಗುವುದಿಲ್ಲ.

"ಬೆಳ್ಳಗೆ ಏನೋ ಐತೆ," ಎಂದು ಕೆಳಗಿನಿಂದ ಕೂಗುತ್ತಾರೆ. "ಉಸಿರಾಡ್ತೈತೆ."

ಅಮ್ಮಯಮ್ಮ ಬಾವಿಕಟ್ಟೆ ಹಿಡಿದು ಬಗ್ಗಿ ಇಣುಕುತ್ತಾರೆ. ಪಾತಾಳಗರಡಿ ಇಳಿಯುತ್ತದೆ, ಏನನ್ನೋ ಕಚ್ಚುತ್ತದೆ, ಮೇಲೆ ಬರುತ್ತದೆ. ಕೊಕ್ಕೆಯಲ್ಲಿ ನೇತಾಡುತ್ತಿರುವುದು ಒಂದು ಪ್ಲಾಸ್ಟಿಕ್ ಚೀಲ. ಕಲ್ಲಿನ ಸಂದಿಗೆ ಸಿಕ್ಕಿಕೊಂಡಿತ್ತಂತೆ. ನೀರಿನ ಸೆಲೆಯಿಂದ ಏಳುವ ಗುಳ್ಳೆ ಅದರಲ್ಲಿ ತುಂಬಿ, ಉಬ್ಬಿಸಿ, ಒಮ್ಮೆಲೇ ಹೊರಬೀಳುತ್ತಿತ್ತು. ಸದ್ದು ನಿಂತಿದೆ. ವೆಂಕಟರಾಯಪ್ಪ ಜೋರಾಗಿ ನಕ್ಕು, ಕಲ್ಲಿನ ಗಾಡಿಗಳನ್ನು ವಾಪಸ್ಸು ಕಳಿಸುತ್ತಾನೆ. ಬಾವಿ ಉಳಿಯಿತು.

ಅಮ್ಮಯಮ್ಮ ಮಾತ್ರ ನಗಲಿಲ್ಲ. ಮಗ ಅತ್ತ ಹೋದ ಮೇಲೆ ಪಿಳ್ಳಣ್ಣನವರನ್ನು ಮೆಲ್ಲಗೆ ಕೇಳುತ್ತಾರೆ: "ತಿಂಗಳಿಂದ ದಿನಾ ಬಂದು ಇಲ್ಲಿ ಕೂತ್ಕೋತಿದ್ದೆ ಕಣಪ್ಪ. ಅದನ್ನ ಇದ್ದಲ್ಲೇ ಇಳಿಸ್ತೀಯಾ?"

ಪಿಳ್ಳಣ್ಣ ಇಲ್ಲವೆಂದು ತಲೆಯಾಡಿಸುತ್ತಾರೆ. "ಬಾವಿಯಿಂದ ತೆಗೆದಿದ್ದನ್ನ ತಿರುಗಿ ಹಾಕಲ್ಲ ಅಕ್ಕ." ಚೀಲಕ್ಕೆ ಒಂದು ತೂತೂ ಇಲ್ಲ, ಅದು ಅವರ ಕೂಲಿಯಾಗಬೇಕಿತ್ತು. ಒರೆಸಿ, ಅಮ್ಮಯಮ್ಮ ಮಲಗುವ ಜಗಲಿಯ ಸೂರಿಗೆ, ಬಾಯಿ ತೆರೆದಿರುವಂತೆ ಅದನ್ನು ಕಟ್ಟಿಕೊಡುತ್ತಾರೆ.

ಮರುದಿನ ಬೆಳಗಿನ ಬಸ್ಸಿಗೆ ನನ್ನನ್ನು ಬಿಡಲು ಬಂದ ಪಿಳ್ಳಣ್ಣ ಆ ಮನೆಯ ಮುಂದೆ ನಿಲ್ಲುತ್ತಾರೆ. ಜಗಲಿಯಲ್ಲಿ ಅಮ್ಮಯಮ್ಮ ಮಗುವಿನಂತೆ ಮಲಗಿದ್ದಾರೆ. ಗಾಳಿಯಿಲ್ಲ, ಎದುರಿನ ಹೊಂಗೆಯ ಒಂದು ಎಲೆಯೂ ಅಲುಗುತ್ತಿಲ್ಲ. ಸೂರಿನ ಚೀಲ ನಿಧಾನವಾಗಿ ಉಬ್ಬುತ್ತದೆ, ನಿಟ್ಟುಸಿರಿನ ಸದ್ದಿನೊಂದಿಗೆ ಇಳಿಯುತ್ತದೆ. ನಾನು ಎಣಿಸಿದೆ. ಇಪ್ಪತ್ತಕ್ಕೆ ಸರಿಯಾಗಿ ಮತ್ತೆ ಉಬ್ಬಿತು.

ಗಮನ ಬೇರೆಡೆ ತಿರುಗಿಸಲು ಕೇಳುತ್ತೇನೆ, ನಿಮಗೇನಾದರೂ ಆಸೆ ಇದೆಯೇ?

"ಡಬ್ಬದ ಕವರು ಸವೆದೈತೆ. ತೂತಿಲ್ದಿದ್ದು ಒಂದು ಸಿಕ್ರೆ ಸಾಕು ಸ್ವಾಮಿ."

ನನ್ನ ಕಣ್ಣು ಸೂರಿನ ಕಡೆ ಹೋಗಿದ್ದನ್ನು ಅವರು ಗಮನಿಸುತ್ತಾರೆ.

"ಅದು ಬೇಡ," ಎನ್ನುತ್ತಾರೆ, ಮಲಗಿದವರಿಗೆ ಎಚ್ಚರವಾಗದಂತೆ. "ಅದ್ರೊಳಗೆ ಈಗ ಜನ ಅವ್ರೆ."