ಚೀಟಿ ಇಲ್ಲದ ಬೋಗುಣಿ

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ, ಬ್ಯಾಂಕಿನಿಂದ ನಿವೃತ್ತರಾದ ಮೂರ್ತಿಯವರು ತಮ್ಮ ತಂದೆಯ ಹಳೇ ಲಾರಿಯ ಇಂಜಿನ್ ಬಿಚ್ಚಿ ಮತ್ತೆ ಜೋಡಿಸುತ್ತಿದ್ದರು. ಪ್ರತಿ ಭಾಗಕ್ಕೂ ಚೀಟಿ ಅಂಟಿಸಿದ್ದರು. ಹೆಸರು ತಿಳಿಯದವಕ್ಕೆ ‘ಗೊತ್ತಿಲ್ಲ ಒಂದು’, ‘ಗೊತ್ತಿಲ್ಲ ಎರಡು’ ಎಂದು ಬರೆದಿದ್ದರು. ಭಾನುವಾರ ಮೈಸೂರಿನಿಂದ ಅವರ ಅಣ್ಣ ಬರುವವರಿದ್ದರು. “ನಿನ್ನ ಕೈಲಾಗಲ್ಲ, ಗುಜರಿಗೆ ಹಾಕು” ಎಂದಿದ್ದ ಅಣ್ಣನ ಎದುರಿಗೇ ಅದು ಸ್ಟಾರ್ಟ್ ಆಗಬೇಕಿತ್ತು.

ಶನಿವಾರ ಒಬ್ಬಟ್ಟು ಕೊಡಲು ಹೋದೆ. ಮೂರ್ತಿಯವರು ಜರಡಿಯಂಥದ್ದೊಂದನ್ನು ಹಿಡಿದು ಪೆಚ್ಚಾಗಿ ಕೂತಿದ್ದರು. ಅದು ‘ಗೊತ್ತಿಲ್ಲ ಏಳು’.

“ಗಾಳಿ ಸೋಸೋದು ಕಣ್ರೀ ಅದು. ಕೆಳಗೆ ಎಣ್ಣೆ ಬಟ್ಟಲು ಇರಬೇಕಲ್ಲ?” ಎಂದೆ.

“ನಿಮಗೆ ಹೇಗೆ ಗೊತ್ತಮ್ಮ?”

“ನಮ್ಮಪ್ಪ ಬಳ್ಳಾರೀಲಿ ಲಾರಿ ಓಡಿಸ್ತಿದ್ರು. ಅಲ್ಲಿನ ಕೆಂಪು ಧೂಳೆಲ್ಲ ಆ ಎಣ್ಣೆಗೆ ಅಂಟ್ಕೊಳ್ತಿತ್ತು. ವಾರವಾರ ತೊಳೆಯೋದು ನನ್ನ ಕೆಲಸ.”

“ಕೆಳಗೆ ಏನೋ ಕೂರಬೇಕು ಅಂತ ಗೊತ್ತಾಗಿತ್ತು, ಅದೇ ಸಿಕ್ತಿಲ್ಲ. ಗುಜರಿ ಅಂಗಡಿಗಳಲ್ಲೂ ಹುಡುಕಿದೆ.”

ನಾನು ಅವರ ಮಗ್ಗುಲಲ್ಲಿದ್ದ ಬೋಗುಣಿ ತೋರಿಸಿದೆ. ಮೂರು ತಿಂಗಳಿಂದ ಅವರು ನಟ್ಟು ಬೋಲ್ಟುಗಳನ್ನು ಡೀಸೆಲ್‌ನಲ್ಲಿ ತೊಳೆಯುತ್ತಿದ್ದದ್ದು ಅದರಲ್ಲೇ. ಒಳಗೆ ಎಣ್ಣೆಯ ಮಟ್ಟ ತೋರಿಸುವ ಗೆರೆಯೂ ಇತ್ತು.

“ಅಡುಗೆಮನೆಯದು ಅಂದ್ಕೊಂಡಿದ್ದೆ” ಎಂದರು.

“ಅಡುಗೆಮನೆಗೆ ಕಾಲಿಟ್ಟಿದ್ರೆ ತಾನೇ ಗೊತ್ತಾಗೋದು” ಎಂದರು ಒಳಗಿನಿಂದ ಅವರ ಹೆಂಡತಿ.

ಭಾನುವಾರ ಇಂಜಿನ್ ಗುಡುಗಿತು, ಬೀದಿಗೆಲ್ಲ ಹೊಗೆ ಹಬ್ಬಿತು. ಅಣ್ಣ ಸುತ್ತಲೂ ಎರಡು ಸಲ ನಡೆದು ನೋಡಿ, “ಸದ್ದು ಸ್ವಲ್ಪ ಜಾಸ್ತಿ” ಎಂದರು. ಮೂರ್ತಿಯವರು ಆ ಮಾತನ್ನು ವಾರವಿಡೀ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಅಣ್ಣತಮ್ಮಂದಿರ ನಡುವೆ ಅದಕ್ಕೇ ಹೊಗಳಿಕೆ ಅನ್ನುತ್ತಾರೋ ಏನೋ.